ಅತ್ತೆಯ ಹೆಸರಿಗೆ ಎರಡು ಡಬ್ಲ್ಯೂ

ಹೆಸರಿನಲ್ಲಿ ಅಗತ್ಯಕ್ಕಿಂತ ಹೆಚ್ಚು ಅಕ್ಷರ ಕಂಡರೆ ನನಗೆ ಅನುಮಾನ ಶುರುವಾಗುತ್ತದೆ. ಅಕ್ಷರಗಳು ತಾವಾಗಿಯೇ ಬಂದು ಕೂರುವುದಿಲ್ಲ. ಯಾರೋ ಕರೆತಂದು ಕೂರಿಸಿರುತ್ತಾರೆ.

ಕಳೆದ ತಿಂಗಳು ನಮ್ಮ ಮನೆಯ ವಾಟ್ಸಾಪ್ ಗ್ರೂಪಿಗೆ ಒಂದು ಕಾರ್ಡು ಬಂದು ಬಿತ್ತು. ನನ್ನ ಮೈದುನ ಸೆಂದಿಲ್‌ನ ಮಗಳ ನಾಮಕರಣದ ಕಾರ್ಡು. ಪ್ರಿಂಟಿಗೆ ಕೊಡುವ ಮೊದಲು ಎಲ್ಲರೂ ಒಮ್ಮೆ ನೋಡಿಬಿಡಿ ಎಂದು ಕಳಿಸಿದ್ದ. ಗುಲಾಬಿ ಬಣ್ಣ, ಎರಡು ನವಿಲು, ಮಧ್ಯೆ ಒಂದು ತೊಟ್ಟಿಲು. ಎಲ್ಲ ಸರಿ. ತೊಟ್ಟಿಲ ಕೆಳಗೆ ದಪ್ಪ ಇಂಗ್ಲಿಷ್ ಅಕ್ಷರಗಳಲ್ಲಿ ಮಗುವಿನ ಹೆಸರು: ಜಿ, ಎಚ್, ಓ, ಡಬ್ಲ್ಯೂ, ಡಬ್ಲ್ಯೂ, ಆರ್, ಐ, ಇ.

ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದೆ. ಒಂದಕ್ಷರವೂ ಕಡಿಮೆಯಾಗಿರಲಿಲ್ಲ.

"ಇದನ್ನ ಹೇಗ್ರೀ ಓದೋದು?" ಎಂದು ಗಂಡನ ಮೂಗಿನ ಮುಂದೆ ಫೋನು ಹಿಡಿದೆ. ನಮ್ಮವರು ಕೊಯಮತ್ತೂರಿನ ಒಂದು ಪಂಪ್ ಕಂಪನಿಯಲ್ಲಿ ಇಂಜಿನಿಯರು. ಯಾವುದಕ್ಕೂ ಬೇಗ ತಲೆ ಕೆಡಿಸಿಕೊಳ್ಳುವವರಲ್ಲ.

"ಗೌರಿ ಅಂತ ಓದು. ಮಿಕ್ಕಿದ್ದೆಲ್ಲ ಸೈಲೆಂಟು" ಎಂದು ಪೇಪರಿನೊಳಗೆ ವಾಪಸು ಹೋದರು.

ಈ ಮನೆಯಲ್ಲಿ ಯಾವುದೂ ಸೈಲೆಂಟಲ್ಲ ಎಂದು ನನಗೆ ಗೊತ್ತು.

ಹಳೆಯ ಓದುಗರಿಗೆ ನಮ್ಮ ಮನೆ ಪರಿಚಯವಿದೆ. ಹೊಸಬರಿಗಾಗಿ ಎರಡು ಮಾತು. ನಾನು ದಾವಣಗೆರೆಯವಳು. ಮದುವೆಯಾಗಿ ಬಂದದ್ದು ಕೊಯಮತ್ತೂರಿನ ಹತ್ತಿರದ ಸೋಮನೂರಿನ ಮನೆಗೆ. ಈಗ ನಾವು ಕೊಯಮತ್ತೂರಿನ ಅಪಾರ್ಟ್‌ಮೆಂಟಿನಲ್ಲಿ, ಅತ್ತೆ ಸೆಂದಿಲ್‌ನ ಸಂಸಾರದ ಜೊತೆ ಸೋಮನೂರಿನಲ್ಲೇ. ಗಂಡನ ಮನೆಯವರು ಯಾವ ಕಾಲದಲ್ಲೋ ಇಲ್ಲಿಗೆ ಬಂದು ಬೇಸಾಯ ಮಾಡಿಕೊಂಡಿದ್ದ ಕನ್ನಡದವರು. ಈಗ ಹೊಲದ ಜಾಗದಲ್ಲಿ ಪವರ್‌ಲೂಮ್ ಶೆಡ್ಡು. ಹೊಸ್ತಿಲ ಒಳಗೆ ಕನ್ನಡ, ಹೊರಗೆ ಕಾಲಿಟ್ಟರೆ ತಮಿಳು. ಮಾತನಾಡುವುದು ಕನ್ನಡವಾದರೂ ಕನ್ನಡ ಅಕ್ಷರ ಒಬ್ಬರಿಗೂ ಬರುವುದಿಲ್ಲ. ಹಾಗಾಗಿ ನಾನು ಈ ಅಂಕಣದಲ್ಲಿ ಅವರ ಬಗ್ಗೆ ಏನು ಬರೆದರೂ ಬಚಾವು. ಆ ಧೈರ್ಯದ ಮೇಲೆಯೇ ನಮ್ಮ ಅತ್ತೆಯ ಹೆಸರನ್ನು ಇಲ್ಲಿ ಬರೆಯುತ್ತಿದ್ದೇನೆ. ಅವರ ಹೆಸರೂ ಗೌರಿ. (ಬರೆಯುವುದಕ್ಕೆ ಅಡ್ಡಿಯಿಲ್ಲ. ಸೊಸೆಯಾದವಳು ಬಾಯಿಬಿಟ್ಟು ಹೇಳುವ ಹಾಗಿಲ್ಲ, ಅಷ್ಟೆ.)

ಈ ಮನೆಯಲ್ಲಿ ಮೊದಲ ಮೊಮ್ಮಗಳಿಗೆ ಅಪ್ಪನ ತಾಯಿಯ ಹೆಸರಿಡಬೇಕು. ನನಗಿರುವವರು ಇಬ್ಬರೂ ಗಂಡುಮಕ್ಕಳು. ಹಾಗಾಗಿ ಅತ್ತೆಯ ಹೆಸರು ವರ್ಷಗಟ್ಟಲೆ ಕಾದು ಕುಳಿತಿತ್ತು. ಸೆಂದಿಲ್‌ಗೆ ಮದುವೆಯಾದದ್ದು ತಡವಾಗಿ, ಮಗುವಾದದ್ದು ಇನ್ನೂ ತಡವಾಗಿ. ಕೊನೆಗೂ ಹೆಣ್ಣುಮಗು ಬಂತು. ಹೆಸರು ಯಾವುದು ಎಂದು ಯಾರೂ ಕೇಳಲೇ ಇಲ್ಲ. ಕೇಳುವುದೇನಿದೆ?

ಅಂಥ ಹೆಸರಿಗೆ ಕೈ ಹಾಕಿದವರು ಯಾರು?

ಮೊದಲ ಅನುಮಾನ ವನಿತಾಳ ಮೇಲೆ. ವನಿತಾ ಎಂದರೆ ಸೆಂದಿಲ್‌ನ ಹೆಂಡತಿ, ನನ್ನ ವಾರಗಿತ್ತಿ. ಪಲ್ಲಡಂ ಕಡೆಯ ಕನ್ನಡದ ಮನೆಯ ಹುಡುಗಿ. ಓದಿದವಳು, ತಿರುಪ್ಪೂರಿನ ಒಂದು ಬನಿಯನ್ ಕಂಪನಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತಿದ್ದವಳು. ನನ್ನ ಹತ್ತಿರ ಸಾಕ್ಷಿಗಳಿದ್ದವು. ಬಸುರಿಯಾದ ದಿನದಿಂದ ಆ ಹೆಸರನ್ನು ಅವಳ ಬಾಯಲ್ಲಿ ನಾನು ಕೇಳಿಲ್ಲ. ಯಾರಾದರೂ ಕೇಳಿದರೆ "ಅದೇ, ನಮ್ಮತ್ತೆ ಪೇರು" ಎನ್ನುತ್ತಿದ್ದಳು. (ಪೇರು ಎಂದರೆ ಹೆಸರು. ಇಲ್ಲಿಯ ಕನ್ನಡದಲ್ಲಿ ಹೆಸರು ಹೆಸರಾಗಿ ಉಳಿದಿಲ್ಲ.) ಗೌರಿ ಹಬ್ಬಕ್ಕೆ ಅವಳು "ಗಣೇಶನ ಅಮ್ಮನ ಹಬ್ಬ" ಎನ್ನುತ್ತಾಳೆ. ಅವರ ಬೀದಿಯ ತುದಿಯಲ್ಲಿ ಅದೇ ಹೆಸರಿನ ಟಿಫನ್ ಸೆಂಟರ್ ಇದೆ. ಆಟೋದವನಿಗೆ "ಆ ಇಡ್ಲಿ ಅಂಗಡಿ ಹತ್ರ ನಿಲ್ಸಿ" ಎನ್ನುತ್ತಾಳೆಯೇ ಹೊರತು ಬೋರ್ಡಿನ ಮೇಲಿರುವುದನ್ನು ಓದುವುದಿಲ್ಲ.

ನಾನೂ ಅತ್ತೆಯ ಹೆಸರು ಹೇಳುವುದಿಲ್ಲ, ನಿಜ. ಹಾಗಂತ ಇಡ್ಲಿ ಅಂಗಡಿಗೂ ಮಡಿ ಮಾಡುತ್ತಾರೆಯೇ? ಒಂದು ಹೆಸರನ್ನು ಇಷ್ಟು ಜೋಪಾನವಾಗಿ ತಪ್ಪಿಸಿಕೊಂಡು ಓಡಾಡುವವಳಿಗೆ ಆ ಹೆಸರಿನ ಮೇಲೆ ಅಕ್ಕರೆ ಇದ್ದೀತೇ? ಇಡಲೇಬೇಕು, ತಪ್ಪಿಸುವಂತಿಲ್ಲ, ಹಾಗಾದರೆ ಗುರುತು ಸಿಗದ ಹಾಗೆ ಇಟ್ಟುಬಿಡೋಣ ಎಂದುಕೊಂಡಿದ್ದಾಳೆ. ನನ್ನ ಲೆಕ್ಕಾಚಾರ ಹೀಗಿತ್ತು.

ಅವಳು ತವರಿನಲ್ಲಿ ಬಾಣಂತನದಲ್ಲಿದ್ದಳು. ಫೋನ್ ಮಾಡಿದೆ. ಯೋಗಕ್ಷೇಮ, ಪಾಪುವಿನ ನಿದ್ದೆ, ಹೊಟ್ಟೆನೋವು ಎಲ್ಲ ಮುಗಿಸಿ ವಿಷಯಕ್ಕೆ ಬಂದೆ.

"ಕಾರ್ಡು ನೋಡಿದೆ ವನಿತಾ. ಸ್ಪೆಲ್ಲಿಂಗ್ ಯಾರಮ್ಮ ಆರಿಸಿದ್ದು?"

"ಅಯ್ಯೋ ಅಕ್ಕಾ, ಸತ್ಯಮಾ ನಂಗೊತ್ತಿಲ್ಲ. ಇವ್ರು ತಂದು ತೋರ್ಸಿದ್ರು. ಸರಿ ಅಂದೆ."

"ನೀನು ಓದಿದವಳು. ಎರಡು ಡಬ್ಲ್ಯೂ ಯಾಕೆ ಅಂತ ಕೇಳಬೇಡವಾ?"

"ಇರ್ಲಿ ಬಿಡಿ ಅಕ್ಕಾ. ಮನೇಲಿ ಹೆಂಗೂ ನಾವು ಅಮ್ಮು ಅಂತ ತಾನೇ ಕೂಗೋದು" ಎಂದಳು. ಆಮೇಲೆ ಮಗು ಅತ್ತಿತು. ಅವಳು "ಅಮ್ಮೂ, ಅಮ್ಮೂ" ಎನ್ನುತ್ತಾ ಫೋನಿಟ್ಟಳು.

ಕೇಳಿಸಿಕೊಂಡಿರಾ? ನಾಮಕರಣಕ್ಕೆ ಮೊದಲೇ ಹೆಸರಿನ ಕೆಲಸ ಮುಗಿದಿದೆ. ನನ್ನ ಅನುಮಾನಕ್ಕೆ ಇನ್ನಷ್ಟು ಬಲ ಬಂತು.

ಆದರೂ ಒಬ್ಬರನ್ನೇ ಹಿಡಿದು ನಿಲ್ಲುವುದು ನನ್ನ ಅಭ್ಯಾಸವಲ್ಲ. ಸೆಂದಿಲ್‌ನೂ ಕಡಿಮೆ ಆಸಾಮಿಯಲ್ಲ. ಶೆಡ್ಡಿನ ಬೋರ್ಡಿನಲ್ಲಿ ಟೆಕ್ಸ್ ಎಂಬುದಕ್ಕೆ ಎರಡು ಎಕ್ಸ್ ಬರೆಸಿದವನು ಅವನು. ಬೈಕಿನ ನಂಬರು ಕೂಡಿದರೆ ಒಂಬತ್ತು ಬರಲಿಲ್ಲವೆಂದು ಬೇರೆ ಬೈಕು ಬುಕ್ ಮಾಡಿದವನು. ಅವನಿಗೂ ಫೋನ್ ಹಚ್ಚಿದೆ. ಆ ಕಡೆಯಿಂದ ಮಗ್ಗಗಳ ಸದ್ದು ಕಿವಿಗೆ ಬಡಿಯಿತು.

"ಅತ್ತಿಗೇ, ನನ್ನ ಬಯ್ಬೇಡಿ! ನಾನಲ್ಲ! ಗಾಂಧಿಪುರಂ ಪೇರುಕಾರರು ಹಾಕ್ಕೊಟ್ಟಿದ್ದು."

"ಅವರ ಹತ್ರ ಯಾರು ಹೋಗಿದ್ರು?"

"ಆಂ? ಕೇಳಿಸ್ತಿಲ್ಲ ಅತ್ತಿಗೇ, ಮಗ್ಗ ಓಡ್ತಿದೆ, ಅಪ್ಪೊರೊಂ ಮಾತಾಡ್ತೀನಿ!" ಎಂದು ಇಟ್ಟುಬಿಟ್ಟ. ಅಪ್ಪೊರೊಂ ಎಂದರೆ ಆಮೇಲೆ. ಸೋಮನೂರಿನಲ್ಲಿ ಆಮೇಲೆ ಎಂದರೆ ಯಾವತ್ತೂ ಇಲ್ಲ.

ಮಗ್ಗದ ಸದ್ದಿನಲ್ಲಿ ಹುಟ್ಟಿ ಬೆಳೆದವನಿಗೆ ಇವತ್ತು ಕೇಳಿಸಲಿಲ್ಲವಂತೆ!

ನನಗೆ ಈ ಸ್ಪೆಲ್ಲಿಂಗ್ ವ್ಯಾಪಾರದ ಮೇಲೆಯೇ ಸಿಟ್ಟು. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಬೆಂಗಳೂರು, ಮೈಸೂರು ಕಡೆಯಿಂದ ಕೆಲಸಕ್ಕೆ ಬಂದ ಜೋಡಿಗಳು ಬೇಕಾದಷ್ಟಿವೆ. ಮಕ್ಕಳ ಹೆಸರುಗಳನ್ನು ಲಿಫ್ಟಿನ ಪಕ್ಕದ ಬರ್ತ್‌ಡೇ ನೋಟಿಸಿನಲ್ಲಿ ಓದಿದರೆ ನಾಲಗೆ ಗಂಟು ಬೀಳುತ್ತದೆ. ಮೂರು ಎ, ನಡುವೆ ಒಂದು ವೈ, ಕೊನೆಗೆ ಉಸಿರು ಬಿಟ್ಟ ಹಾಗೆ ಒಂದು ಎಚ್. ಕೇಳಿದರೆ "ಯೂನೀಕ್ ಆಂಟಿ" ಎನ್ನುತ್ತಾರೆ. ಮೊನ್ನೆ ಒಬ್ಬ ತಾಯಿ ಕೊರಿಯರ್ ಹುಡುಗನಿಗೆ ಮಗನ ಹೆಸರು ಬಿಡಿಸಿ ಹೇಳುತ್ತಿದ್ದಳು. ಅವಳು ಎರಡನೆಯ ವೈಗೆ ಬರುವಷ್ಟರಲ್ಲಿ ಅವನು ಪಾರ್ಸೆಲ್ಲನ್ನು ನೆಲದ ಮೇಲಿಟ್ಟು ಹೋಗಿದ್ದ.

ನೀವೇ ಹೇಳಿ. ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ಗ್ಯಾಸ್ ಏಜೆನ್ಸಿಯಲ್ಲಿ ಬದುಕಿಡೀ "ಡಬಲ್ ಡಬ್ಲ್ಯೂ ಸಾರ್, ಕೊನೆಗೆ ಒಂದು ಇ ಸಾರ್" ಎನ್ನಬೇಕಾದ ಹುಡುಗಿಗೆ ಅದೃಷ್ಟ ಯಾವಾಗ ಬರುತ್ತದೆ? ಆಧಾರ್‌ನಲ್ಲಿ ಒಂದು ಡಬ್ಲ್ಯೂ ಬಿಟ್ಟುಹೋದರೆ ಅವಳು ಅವಳೇ ಎಂದು ನಂಬಿಸುವುದು ಹೇಗೆ? ಗೌರಿಯಂಥ ಹೆಸರು ದೇವರೇ ಸಲೀಸು ಮಾಡಿ ಕೊಟ್ಟದ್ದು. ಅದನ್ನೂ ಸಿಕ್ಕು ಮಾಡಿದರೆ?

ಶನಿವಾರ ಗಾಂಧಿಪುರಕ್ಕೆ ಹೊರಟೆ. ಗಂಡನಿಗೆ ರವಿಕೆ ಬಟ್ಟೆ ಕೊಳ್ಳುವುದಿದೆ ಎಂದೆ. (ಅವರು ಪೇಪರಿನಿಂದ ತಲೆಯೆತ್ತದೆ "ರವಿಕೆಯವನನ್ನು ಜಾಸ್ತಿ ಬಯ್ಯಬೇಡ" ಎಂದರು. ಆಗ ಅವರ ಮೇಲೂ ಒಂದು ಅನುಮಾನ ಬಂತು.)

ಬಸ್ ಸ್ಟ್ಯಾಂಡಿನ ಎದುರು ಬೀದಿಯಲ್ಲಿ ಸೀರೆ ಶೋರೂಮಿನ ಮಹಡಿ ಮೇಲೆ, ಅಕ್ಷರ ಕೂಡಿಸಿ ಕಳೆದು ಅದೃಷ್ಟದ ಹೆಸರು ಹಾಕಿಕೊಡುವ ಪೇರುಕಾರರ ಆಫೀಸು. ಮೆಟ್ಟಿಲಲ್ಲೇ ಕ್ಯೂ ಇತ್ತು. ಕಾಲೇಜು ಹುಡುಗ ಒಬ್ಬ, ಹೊಸ ಅಂಗಡಿ ತೆರೆಯುವ ದಂಪತಿ, ಮಗುವನ್ನು ಹೊತ್ತ ಒಬ್ಬಾಕೆ. ಎಲ್ಲರ ಮುಖದಲ್ಲೂ ರಿಪೇರಿಗೆ ಬಂದ ಕಳೆ. ಒಳಗೆ ಬಿಳಿ ಶರ್ಟು, ಹಣೆಯಲ್ಲಿ ವಿಭೂತಿ, ಮುಂದೊಂದು ಕಂಪ್ಯೂಟರ್. ಮಾತೆಲ್ಲ ತಮಿಳಿನಲ್ಲಿ ನಡೆಯಿತು. ನಿಮಗಾಗಿ ಕನ್ನಡದಲ್ಲಿ ಹೇಳುತ್ತೇನೆ.

ನಾನು ನಾಟಕ ಶುರುಮಾಡಿದೆ. "ನನಗೆ ಮೊಮ್ಮಗಳು ಹುಟ್ಟಿದ್ದಾಳೆ. ಗೌರಿ ಅಂತ ಇಡಬೇಕೂಂತಿದ್ದೀವಿ."

ಅವರು ಬೆರಳು ಎಣಿಸಲಿಲ್ಲ, ಕಂಪ್ಯೂಟರ್ ಮುಟ್ಟಲಿಲ್ಲ. ನನ್ನನ್ನೇ ದಿಟ್ಟಿಸಿ ನೋಡಿದರು. ನನಗಿಂತ ಅನುಮಾನದ ಮನುಷ್ಯ!

"ನೀವು ಸೋಮನೂರಿನ ಅಮ್ಮನ ಕಡೆಯವರಾ?"

ನನ್ನ ನಾಟಕ ಅಲ್ಲಿಗೇ ಮುಗಿಯಿತು. "ಯಾವ ಅಮ್ಮ?" ಎಂದೆ.

"ವಯಸ್ಸಾದವರು. ಒಬ್ಬರೇ ಬಂದಿದ್ರು. ಹಳದಿ ಚೀಲ. ಬಸ್ಸಿನ ಟಿಕೆಟ್ಟನ್ನು ಬಳೆಗೆ ಸಿಕ್ಕಿಸಿಕೊಂಡಿದ್ರು."

ಟಿಕೆಟ್ಟನ್ನು ಬಳೆಗೆ ಸಿಕ್ಕಿಸಿಕೊಳ್ಳುವವರು ಈ ಭೂಮಿಯ ಮೇಲೆ ಎಷ್ಟು ಜನರಿದ್ದಾರೋ ಗೊತ್ತಿಲ್ಲ. ನನಗೆ ಗೊತ್ತಿರುವವರು ಒಬ್ಬರೇ, ನಮ್ಮ ಅತ್ತೆ. ಕಣ್ಣಾಸ್ಪತ್ರೆಗೆ ಹೋಗಲೂ ಜೊತೆಗೆ ಒಬ್ಬರು ಬೇಕು ಎನ್ನುವ ಅತ್ತೆ, ಯಾರಿಗೂ ಹೇಳದೆ ಬಸ್ಸು ಹತ್ತಿ ಈ ಗಾಂಧಿಪುರದ ಜನಜಂಗುಳಿಯಲ್ಲಿ ಇಳಿದು ಈ ಮಹಡಿ ಹತ್ತಿದ್ದರು!

"ಏನು ಕೇಳಿದ್ರು ಅವರು?"

"ಅದೇ ನನಗೂ ಆಶ್ಚರ್ಯ ಕಣಮ್ಮ. ಇಲ್ಲಿಗೆ ಬರೋರೆಲ್ಲ ಅದೃಷ್ಟ ಕೇಳ್ತಾರೆ, ಕೆಲಸ ಕೇಳ್ತಾರೆ, ಗಂಡು ಕೇಳ್ತಾರೆ. ಆ ಅಮ್ಮ ಅದ್ಯಾವುದೂ ಬೇಡ ಅಂದ್ರು. 'ಮಗೂಗೆ ನನ್ನ ಪೇರಿಡ್ತಿದ್ದಾರೆ. ಅದು ನನ್ನ ಪೇರಲ್ಲ ಅಂತ ಆಗಬೇಕು, ಹಾಗೆ ಮಾಡಿಕೊಡಿ' ಅಂದ್ರು. ಅಕ್ಷರ ಬದಲಾದ್ರೆ ಪೇರು ಬದಲಾದ ಹಾಗೇ ಅಮ್ಮಾ ಅಂತ ಹೇಳಿ, ಇಷ್ಟು ಸೇರಿಸಿ ಕೊಟ್ಟೆ."

ಮೆಟ್ಟಿಲಿಳಿದು ಬಂದೆ. ಅದು ನನ್ನ ಪೇರಲ್ಲ ಅಂತ ಆಗಬೇಕು. ಎಂಥ ಮಾತು! ಹೆಸರು ಬೇಡ ಎಂದಿದ್ದರೆ ಬಾಯಿಬಿಟ್ಟು ಹೇಳಬಹುದಿತ್ತು. ಕದ್ದು ಬಂದು ಅಳಿಸಿ ಹೋಗುವಂಥದ್ದೇನಿತ್ತು? ಹೆಣ್ಣು ಹುಟ್ಟಿತೆಂದೇ? ಅಥವಾ ವನಿತಾಳ ಹೊಟ್ಟೆಯ ಕೂಸಿಗೆ ತನ್ನ ಹೆಸರು ಬೇಡವೆಂದೇ? ವನಿತಾ ತವರಿನಲ್ಲಿ ಜಾಸ್ತಿ ದಿನ ಉಳಿದಳೆಂದು ಅತ್ತೆ ಒಮ್ಮೆ ಮುಖ ಗಂಟು ಹಾಕಿಕೊಂಡದ್ದು ನೆನಪಾಯಿತು. ಇಷ್ಟು ವರ್ಷ ನಾನು ದೇವರಂಥವರು ಎಂದುಕೊಂಡ ಹೆಂಗಸು! ನನಗೆ ಅಳು ಬಂತು. ಅಳುವಿಗಿಂತ ಜಾಸ್ತಿ ಸಿಟ್ಟು ಬಂತು. ರವಿಕೆ ಬಟ್ಟೆ ಕೊಳ್ಳದೆ ನೇರ ಸೋಮನೂರು ಬಸ್ಸು ಹತ್ತಿದೆ.

ಸೋಮನೂರಿನಲ್ಲಿ ಮನಸ್ಸಿನ ಮಾತು ಆಡಬೇಕಾದರೆ ಕರೆಂಟು ಹೋಗಬೇಕು. ಬೀದಿ ಬೀದಿಯಲ್ಲೂ ಶೆಡ್ಡು, ಶೆಡ್ಡು ತುಂಬ ಮಗ್ಗ. ಜನ ಒಬ್ಬರನ್ನೊಬ್ಬರು ಅರ್ಧ ಕೈಸನ್ನೆಯಲ್ಲೇ ಬಯ್ದುಕೊಳ್ಳುತ್ತಾರೆ. ನಾನು ಹೋದಾಗ ಅತ್ತೆ ಶೆಡ್ಡಿನ ಪಕ್ಕದ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ನನ್ನ ಮುಖ ನೋಡಿ "ಬಾ ಕಣ್ಣು" ಎಂದರು. ಅದು ತುಟಿಯಿಂದ ತಿಳಿಯಿತು, ಕಿವಿಗೆ ಕೇಳಲಿಲ್ಲ. (ಕಣ್ಣು ಎಂದರೆ ಇಲ್ಲಿ ಚಿನ್ನ, ಬಂಗಾರ ಎಂದ ಹಾಗೆ.) ನಾನು ಪಕ್ಕದಲ್ಲಿ ಕೂತು ಒಂದು ಹಿಡಿ ಕಾಯಿ ತೆಗೆದುಕೊಂಡೆ. ಹೇಗೆ ಶುರುಮಾಡಲಿ ಎಂದುಕೊಳ್ಳುವಾಗ ಕರೆಂಟು ಹೋಯಿತು. ಬೀದಿಯ ಸದ್ದೆಲ್ಲ ಒಮ್ಮೆಗೇ ನಿಂತಿತು.

"ಗಾಂಧಿಪುರಕ್ಕೆ ಹೋಗಿದ್ರಂತೆ ಅತ್ತೆ" ಎಂದೆ.

ಅವರ ಕೈ ನಿಂತಿತು. "ಯಾರು ಹೇಳಿದ್ದು? ಸೆಂದಿಲಾ? ಹೇಳ್ಬೇಡ ಅಂದಿದ್ದೆ ಅವ್ನಿಗೆ."

"ಯಾರಾದ್ರೂ ಹೇಳಲಿ. ನಿಮ್ಮ ಹೆಸರು ಆ ಮಗೂಗೆ ಯಾಕೆ ಬೇಡ? ಹೆಣ್ಣು ಅಂತಾನಾ? ವನಿತಾ ಮೇಲಿನ ಕೋಪಾನಾ?"

ಅತ್ತೆ ನನ್ನನ್ನು ನೋಡಿದ ರೀತಿಗೆ ನನ್ನ ದನಿ ತಾನಾಗಿಯೇ ಇಳಿಯಿತು.

"ಏನ್ ದೊಡ್ಡವಳೇ, ಹಿಂಗ್ ಕೇಳ್ಬಿಟ್ಟೆ?" ಎಂದರು. ಅವರು ನನ್ನನ್ನು ಕರೆಯುವುದು ಹಾಗೆಯೇ, ದೊಡ್ಡವಳೇ. ವನಿತಾ ಚಿಕ್ಕವಳು. "ಆ ಪೇರು ಅವ್ಳಿಗೆ ಬೇಕೂಂತ ತಾನೇ ನಾನು ಹೋದದ್ದು."

"ಅರ್ಥ ಆಗಲಿಲ್ಲ."

"ಚಿಕ್ಕವಳು ನನ್ನ ಪೇರು ಕೂಗ್ತಾಳಾ? ಸತ್ರೂ ಕೂಗಲ್ಲ. ಒಳ್ಳೆ ಮನೆ ಹುಡುಗಿ. ಸೆಂದಿಲ್ ಕೂಗ್ತಾನಾ? ಹೆತ್ತ ತಾಯಿ ಪೇರು ಹೆಂಗೆ ಕೂಗ್ತಾನೆ? ಫೋನಲ್ಲಿ ನೋಡ್ದೆ, ಆಗ್ಲೇ ಅಮ್ಮು ಅಮ್ಮು ಅಂತಿದ್ದಾಳೆ. ನಂಗೆ ಹೊಟ್ಟೆ ಉರೀತು."

ಅವರು ಒಂದು ಕಾಯಿ ಸುಲಿದು ಬುಟ್ಟಿಗೆ ಹಾಕಿದರು. ಆಮೇಲೆ ಹೇಳಿದ್ದನ್ನು ನಾನು ನಡುವೆ ಬಾಯಿ ಹಾಕದೆ ಕೇಳಿದೆ. ನನ್ನನ್ನು ಬಲ್ಲವರು ಇದನ್ನು ನಂಬಲಿಕ್ಕಿಲ್ಲ.

"ನಂಗೂ ಹಿಂಗೇ ಆಯ್ತು. ನನ್ನಪ್ಪನ ಅಮ್ಮನ ಪೇರು ನಂಗಿಟ್ರು. ನಮ್ಮವ್ವ ಅದನ್ನ ಬಾಯಿಗೆ ತರ್ಲಿಲ್ಲ. ಅತ್ತೆ ಪೇರಲ್ವಾ? ಬಯ್ಯೋಕೂ ಪುಳ್ಳೇ, ಮುದ್ದು ಮಾಡೋಕೂ ಪುಳ್ಳೇ. ಊರಲ್ಲಿರೋ ಮಕ್ಕಳೆಲ್ಲ ಪುಳ್ಳೆಗಳೇ, ಕೂಗಿದ್ರೆ ನಾಕು ಜನ ತಿರುಗಿ ನೋಡ್ತಿದ್ವಿ. ಇಲ್ಲಿಗೆ ಬಂದ್ರೆ ನಿಮ್ಮ ಮಾವ ಏ ಇವ್ಳೇ ಅಂದ್ರು. ಆಮೇಲೆ ಮಕ್ಕಳಾದ್ವು, ಅಮ್ಮ ಆದೆ. ನಮ್ಮವ್ವ ಹೋಗೋವಾಗ ತಲೆ ಹತ್ರ ನಾನೇ ಕೂತಿದ್ದೆ. ಅವಾಗಾದ್ರೂ ಒಂದು ಸಲ ನನ್ನ ಪೇರು ಹೇಳ್ತಾಳೇನೋಂತ ಅವಳ ಬಾಯನ್ನೇ ನೋಡ್ತಿದ್ದೆ. ಪುಳ್ಳೇ ಅಂತಾನೇ ಕಣ್ಮುಚ್ಚಿದ್ಳು."

ಬೀದಿಯಲ್ಲಿ ಯಾರೋ ಸೈಕಲ್ ಬೆಲ್ ಬಾರಿಸಿದರು. ಅತ್ತೆ ಸೆರಗಿನಿಂದ ಮೂಗೊರೆಸಿಕೊಂಡರು.

"ಓಟು ಹಾಕೋ ದಿನ ಆಫೀಸರು ಲಿಸ್ಟ್ ನೋಡಿ ಜೋರಾಗಿ ಗೌರೀ ಅಂತ ಕೂಗ್ತಾನೆ. ಅದಕ್ಕೇ ನಾನು ಒಂದು ಓಟೂ ತಪ್ಪಿಸಿಲ್ಲ."

ಜ್ವರವಿದ್ದರೂ, ಕಾಲು ಊದಿದ್ದರೂ ಎಲ್ಲರಿಗಿಂತ ಮೊದಲು ಹೋಗಿ ಕ್ಯೂ ನಿಲ್ಲುವ ಅತ್ತೆಯನ್ನು ನೋಡಿ ಇವರಿಗೇನು ರಾಜಕೀಯದ ಹುಚ್ಚು ಎಂದು ನಾವೆಲ್ಲ ನಗುತ್ತಿದ್ದೆವು. ಯಾವ ಪಾರ್ಟಿಯವರು ಏನು ಕೊಟ್ಟರೋ ಎಂದು ನಾನು ಒಳಗೊಳಗೇ ಅನುಮಾನಿಸಿದ್ದೂ ಉಂಟು.

"ಅದಕ್ಕೇ ಹೋದೆ ಕಣ್ಣು. ಎಳುತ್ತು ಬದಲಾದ್ರೆ ಪೇರೂ ಬೇರೆ ತಾನೇ? ನನ್ನ ಪೇರಲ್ಲದ ಮೇಲೆ ಚಿಕ್ಕವಳು ಧೈರ್ಯವಾಗಿ ಮಗಳನ್ನ ಕೂಗ್ಬೋದಲ್ಲ? ಮಗೂಗೆ ಅದರ ಪೇರು ಅದರ ಅವ್ವನ ಬಾಯಿಂದ ಬೀಳ್ಬೇಕು."

ಎಳುತ್ತು ಎಂದರೆ ಅಕ್ಷರ. ಅತ್ತೆಗೆ ಕನ್ನಡದ ಎಳುತ್ತೂ ಬಾರದು, ಇಂಗ್ಲಿಷಿನದೂ ಬಾರದು. ಯಾವ ಎಳುತ್ತನ್ನು ಯಾವುದರ ಪಕ್ಕ ಕೂರಿಸಿದರೂ ಕೂಗುವಾಗ ಬರುವುದು ಅದೇ ಗೌರಿ ಎಂದು ಆ ಮಹಡಿಯ ಮೇಲೆ ಅವರಿಗೆ ಯಾರೂ ಹೇಳಿರಲಿಲ್ಲ. ನಾನು ಹೇಳಬೇಕಾಯಿತು. ಬೇರೆ ದಾರಿಯಿರಲಿಲ್ಲ.

"ಅತ್ತೆ, ಎಷ್ಟು ಅಕ್ಷರ ಸೇರಿಸಿದ್ರೂ ಬಾಯಲ್ಲಿ ಅದು ನಿಮ್ಮ ಹೆಸರೇ."

"ಕೂಗೋಕೆ ಬೇರೆ ಥರ ಇರಲ್ವಾ?"

"ಇಲ್ಲ."

"ಅಷ್ಟು ದೂರ ಹೋಗಿದ್ದು..." ಎಂದು ಅವರು ಮತ್ತೊಂದು ಕಾಯಿ ಕೈಗೆತ್ತಿಕೊಂಡರು. ಅಷ್ಟರಲ್ಲಿ ಕರೆಂಟು ಬಂತು. ಮಗ್ಗಗಳು ಬಡಿಯತೊಡಗಿದವು. ಇಬ್ಬರೂ ಕೂತು ಇಡೀ ಬುಟ್ಟಿ ಸುಲಿದೆವು.

ಬಸ್ಸಿನಲ್ಲಿ ವಾಪಸು ಬರುವಾಗ ನನ್ನ ಮೇಲೆಯೇ ಕೋಪ ಬಂತು. ಸೊಸೆ ಅತ್ತೆಯ ಹೆಸರು ಹೇಳಬಾರದು ಎಂಬುದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಅಜ್ಜಿಯ ಹೆಸರು ಮೊಮ್ಮಗಳಿಗೆ ಬರುತ್ತದೆ ಎಂಬುದೂ ಗೊತ್ತಿತ್ತು. ಎರಡನ್ನೂ ಸೇರಿಸಿದರೆ ನಡುವೆ ಒಂದು ಮಗು ಹೆಸರಿಲ್ಲದೆ ಉಳಿಯುತ್ತದೆ ಎಂದು ಹೊಳೆದಿರಲಿಲ್ಲ. ನಮ್ಮ ಮನೆಗಳ ಅಮ್ಮು, ಪಾಪು, ಚಿನ್ನು, ಪುಟ್ಟಿಯರೆಲ್ಲ ಮುದ್ದಿನಿಂದ ಹುಟ್ಟಿದವರು ಎಂದುಕೊಂಡಿದ್ದೆ. ಈಗ ಅವರಲ್ಲಿ ಎಷ್ಟು ಜನ ಯಾರ ಹೆಸರಿಗೆ ಹೆದರಿ ಹುಟ್ಟಿದವರೋ ಎಂಬ ಅನುಮಾನ. ವನಿತಾ ಇಡ್ಲಿ ಅಂಗಡಿಯ ಬೋರ್ಡು ಓದದೇ ಇದ್ದದ್ದು ತಿರಸ್ಕಾರದಿಂದಲ್ಲ. ಪಾಪದ ಹುಡುಗಿ, ಭಯಭಕ್ತಿಯಿಂದ.

ನಾಮಕರಣದ ದಿನ ಬಂತು. ನಮ್ಮಲ್ಲಿ ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ. ಇವರಿಗೆ ಅಕ್ಕತಂಗಿಯರಿಲ್ಲದ್ದರಿಂದ ಆ ಕೆಲಸ ದೊಡ್ಡಮ್ಮನಾದ ನನ್ನ ಪಾಲಿಗೆ ಬಂದಿತ್ತು. ಶಾಸ್ತ್ರಕ್ಕೆ ಒಂದು ಸಲ ಹೇಳಿದರೆ ದೋಷವಿಲ್ಲ ಎಂದು ಹಿರಿಯರು ಮೊದಲೇ ಅಪ್ಪಣೆ ಕೊಟ್ಟಿದ್ದರು. ನಾನು ರೇಷ್ಮೆ ಸೀರೆಯುಟ್ಟು ತೊಟ್ಟಿಲ ಹತ್ತಿರ ಬಗ್ಗಿದೆ. ಹಿಂದಿನಿಂದ ನನ್ನ ತೋಳನ್ನು ಯಾರೋ ಹಿಡಿದರು.

"ನೀನಲ್ಲ ದೊಡ್ಡವಳೇ" ಎಂದರು ಅತ್ತೆ. "ಹೆತ್ತವಳು ಹೇಳ್ಲಿ."

ಮನೆ ತುಂಬ ನೆಂಟರು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ವನಿತಾ ಬೆವತುಹೋದಳು.

"ಅತ್ತೇ, ಬೇಡ ಅತ್ತೇ. ನನ್ನ ಕೈಲಾಗಲ್ಲ. ಪಾಪ ಬರತ್ತೆ."

"ಬಂದ್ರೆ ನಂಗೆ ಬರ್ಲಿ. ನಾನು ನೋಡ್ಕೋತೀನಿ."

"ಎಲ್ಲಾದ್ರೂ ಉಂಟಾ? ಸೊಸೆ ಬಾಯಲ್ಲಿ ಅತ್ತೆ ಪೇರಾ?" ಎಂದು ಅತ್ತೆಯ ವಾರಗಿತ್ತಿ ಮೂಲೆಯಿಂದ ದನಿಯೆತ್ತಿದರು.

ಅತ್ತೆ ತಿರುಗಿಯೂ ನೋಡಲಿಲ್ಲ. "ಪೇರು ನಂದು ತಾನೇ? ನಾನೇ ಕೊಡ್ತಿದ್ದೀನಿ. ಕೊಟ್ಟ ಮೇಲೆ ಅದು ಇವ್ಳ ಮಗಳದ್ದು. ಮಗಳ ಪೇರು ಹೇಳೋಕೆ ಯಾರ ಅಪ್ಪಣೆ ಬೇಕು?" ಎಂದವರು ಸೊಸೆಯ ಬೆನ್ನ ಮೇಲೆ ಕೈಯಿಟ್ಟು "ಹೇಳು ಚಿಕ್ಕವಳೇ" ಎಂದರು. ಆ ದನಿಯಲ್ಲಿ ಅಪ್ಪಣೆಗಿಂತ ಬೇಡಿಕೆ ಜಾಸ್ತಿಯಿತ್ತು.

ವನಿತಾ ಅಳುತ್ತಲೇ ತೊಟ್ಟಿಲೊಳಗೆ ಬಗ್ಗಿದಳು. ತುಟಿ ಆಡಿದ್ದು ಕಾಣಿಸಿತು. ಎಲ್ಲರಿಗಿಂತ ಹತ್ತಿರ ನಿಂತವಳು ನಾನು. ಏನೂ ಕೇಳಿಸಲಿಲ್ಲ. ಹೇಳಿದಳೇ? ಹೇಳಿದ ಹಾಗೆ ಮಾಡಿದಳೇ? ಇಲ್ಲ, ಅಲ್ಲೂ "ಅಮ್ಮು" ಎಂದಳೇ? ಅತ್ತೆಯೂ ನನ್ನ ಮುಖ ನೋಡಿದರು. ನಾನು ತಲೆಯಾಡಿಸಿದೆ, ಹೌದೆಂದೋ ಇಲ್ಲವೆಂದೋ ನನಗೇ ತಿಳಿಯದ ಹಾಗೆ. ಊಟಕ್ಕೆ ಎಲೆ ಹಾಕಿದರು. ಹೋಳಿಗೆಯೂ ನನಗೆ ರುಚಿಸಲಿಲ್ಲ.

ಸಂಜೆಗೆ ನೆಂಟರು ಹೊರಟರು. ಅತ್ತೆ ಹಿತ್ತಲಲ್ಲಿ ಪಾತ್ರೆಗಳ ರಾಶಿಯ ಮುಂದೆ ಕೂತಿದ್ದರು. ನಾನು ಒಳಕೋಣೆಯಲ್ಲಿ ಸೀರೆ ಮಡಿಸುತ್ತಿದ್ದೆ. ನಡುಮನೆಯಲ್ಲಿ ವನಿತಾ ಮತ್ತು ಮಗು ಮಾತ್ರ. ಯಾರೂ ಇಲ್ಲ ಎಂದುಕೊಂಡಳೋ ಏನೋ. ಮೊದಲು ಗಂಟಲು ಸರಿಮಾಡಿಕೊಂಡ ಸದ್ದು. ಆಮೇಲೆ ಮೆಲ್ಲಗೆ, ಬಿಸಿ ಪಾತ್ರೆ ಮುಟ್ಟಿ ನೋಡುವವಳ ಹಾಗೆ,

"ಗೌರೀ."

ಸ್ವಲ್ಪ ಹೊತ್ತು ಬಿಟ್ಟು, ಈ ಸಲ ಜೋರಾಗಿ, "ಗೌರೀ! ಇಲ್ನೋಡೇ, ಗೌರೀ!"

ಹಿತ್ತಲಲ್ಲಿ ಪಾತ್ರೆಯ ಸದ್ದು ನಿಂತಿತು.

"ಆಂ, ಬಂದೇ!" ಎಂದರು ಅತ್ತೆ.

ಬಂದೂಬಿಟ್ಟರು. ಕೈಯೆಲ್ಲ ಸೋಪಿನ ನೊರೆ. ಬಾಗಿಲಲ್ಲಿ ನಿಂತ ಮೇಲೆಯೇ ಕರೆದದ್ದು ತನ್ನನ್ನಲ್ಲ ಎಂದು ಅವರಿಗೆ ತಿಳಿದದ್ದು. ವನಿತಾ ನಾಲಗೆ ಕಚ್ಚಿಕೊಂಡು ಎದ್ದು ನಿಂತಳು. ಅತ್ತೆ ಒದ್ದೆ ಕೈಯಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟರು. "ನಿಲ್ಲಿಸ್ಬೇಡ, ಕೂಗು. ಇನ್ನೊಂದ್ಸಲ ಕೂಗು" ಎಂದರು. ವನಿತಾ ಕೂಗಿದಳು. ಅತ್ತೆ ಬಾಗಿಲಿಗೆ ತಲೆ ಆನಿಸಿ ಕಣ್ಣು ಮುಚ್ಚಿಕೊಂಡು ಕೇಳಿದರು. ಒಳಕೋಣೆಯಲ್ಲಿ ನಾನು ಮಡಿಸಿದ್ದ ಸೀರೆಯನ್ನೇ ಮತ್ತೆ ಬಿಚ್ಚಿ ಮಡಿಸಿದೆ, ಮುಖ ಮುಚ್ಚಿಕೊಳ್ಳಲು ಏನಾದರೂ ಬೇಕಿತ್ತು.

ಬರ್ತ್ ಸರ್ಟಿಫಿಕೇಟಿನಲ್ಲಿ ಹೆಸರು ಸಲೀಸಾಗಿದೆ. ಜಿ, ಓ, ಡಬ್ಲ್ಯೂ, ಆರ್, ಐ. ಅತ್ತೆ ಬಸ್ಸು ಹತ್ತಿ ತಂದ ಮಿಕ್ಕ ಅಕ್ಷರಗಳು ಅಷ್ಟರಲ್ಲಿ ಪ್ರಿಂಟಾಗಿಹೋಗಿದ್ದ ಕಾರ್ಡಿನ ಮೇಲಷ್ಟೇ ಉಳಿದಿವೆ. ಒಂದು ಕಾರ್ಡನ್ನು ನಾನು ತೆಗೆದಿಟ್ಟುಕೊಂಡಿದ್ದೇನೆ. ಇನ್ನು ಮುಂದೆ ಯಾವ ಹೆಸರಿನಲ್ಲಿ ಹೆಚ್ಚಿನ ಅಕ್ಷರ ಕಂಡರೂ ನಗುವ ಮೊದಲು ಒಂದು ಸಲ ಅನುಮಾನಿಸುತ್ತೇನೆ.

ಸದ್ಯಕ್ಕೆ ನನ್ನ ಅನುಮಾನವೆಲ್ಲ ನಿಮ್ಮ ಮೇಲೆ. ನಿಮ್ಮ ಮನೆಯ ಆ ಹಿರಿಯ ಹೆಂಗಸನ್ನು ಹೆಸರು ಹಿಡಿದು ಕರೆಯುವವರು ಈಗ ಯಾರು ಉಳಿದಿದ್ದಾರೆ?